ಸ್ಲೈಡುಗಳ ಕೋಣೆ

ಬೆಳಿಗ್ಗೆ ಲ್ಯಾಬಿಗೆ ಬಂದ ಡಾಕ್ಟರ್ ರಂಜಿನಿಗೆ ಮೊದಲು ಕಂಡದ್ದು ಒಂದು ಅಪರಿಚಿತ ಬೆನ್ನು. ಯಾರೋ ಒಬ್ಬ ಅವಳ ಕುರ್ಚಿಯಲ್ಲೇ ಕೂತು, ಅವಳ ಮೈಕ್ರೋಸ್ಕೋಪಿಗೇ ಕಣ್ಣಿಟ್ಟಿದ್ದ.

“ರೀ, ಸರ್ವಿಸ್‌ಗೆ ಬಂದವ್ರು ಕೂತ್ಕೊಂಡು ಸಿನಿಮಾ ನೋಡ್ತಾರಾ? ಲೆನ್ಸ್ ಒರೆಸಿ, ಹೊರಡಿ.”

ಅವನು ಎದ್ದ. ಜೇಬಿನಿಂದ ಕರ್ಚೀಫು ತೆಗೆದು ಲೆನ್ಸಿನ ಕಡೆ ಬಗ್ಗಿದ.

“ಅಯ್ಯೋ, ಕರ್ಚೀಫಲ್ಲಲ್ಲ! ಗೀರು ಬೀಳತ್ತೆ!”

“ಹಾಗಾದ್ರೆ ಇದು ನನ್ನ ಕೆಲಸ ಅಲ್ಲ ಬಿಡಿ ಡಾಕ್ಟ್ರೇ.” ಕನ್ನಡಕದ ಹಿಂದೆ ಅವನ ಕಣ್ಣಂಚಿನಲ್ಲಿ ತುಂಟ ನಗು ಮಿಂಚಿತು. “ನಾನು ಬಸವಕಿರಣ್. ಸ್ಲೈಡ್ ಓದೋ ಸಾಫ್ಟ್‌ವೇರ್ ಮಾಡಕ್ಕೆ ಬಂದಿದೀನಿ.”

ರಂಜಿನಿಯ ಕಿವಿ ಬಿಸಿಯಾಯಿತು. ಕ್ಷಮೆ ಕೇಳುವ ಬದಲು ಅವಳು ಬಾಗಿಲನ್ನು ದಡಾರನೆ ಹಾಕಿಕೊಂಡು ಕಾಫಿಗೆ ಹೋದಳು. ಸಿಟ್ಟು ಅವಳಿಗೆ ಹುಟ್ಟಿನಿಂದ ಬಂದದ್ದು.

ಬಸವೇಶ್ವರನಗರದ ಆ ಕ್ಯಾನ್ಸರ್ ಆಸ್ಪತ್ರೆಯಲ್ಲಿ, ಆಪರೇಷನ್ ಮಾಡಿ ತೆಗೆದ ಗಡ್ಡೆಯನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ, ಗಾಜಿನ ಮೇಲಿಟ್ಟು ಬಣ್ಣ ಹಾಕುತ್ತಿದ್ದರು. ಬೆಳೆಯುವ ಆತುರದಲ್ಲಿರುವ ಕೋಶಗಳು ಕಂದು ಬಣ್ಣಕ್ಕೆ ತಿರುಗುತ್ತಿದ್ದವು. ಅವು ಎಷ್ಟಿವೆ ಎಂದು ಕಣ್ಣಿನಿಂದ ಅಂದಾಜು ಮಾಡುವುದು ರಂಜಿನಿಯ ಕೆಲಸ. ಕಿರಣನ ಪ್ರೋಗ್ರಾಮು ಇಡೀ ಸ್ಲೈಡಿನ ಚಿತ್ರ ತೆಗೆದು ಒಂದೂ ಬಿಡದೆ ಎಣಿಸುತ್ತಿತ್ತು. ಗಡ್ಡೆಯ ಸುತ್ತ ದೇಹದ ಕಾವಲು ಕೋಶಗಳು ಎಷ್ಟಿವೆ ಎಂದು ನೋಡಿ, ಕಾಯಿಲೆ ಮರಳಿ ಬರುವ ಸಾಧ್ಯತೆ ಎಷ್ಟೆಂದು ಹೇಳುತ್ತಿತ್ತು.

“ಧೂಳನ್ನೂ ಕ್ಯಾನ್ಸರ್ ಅಂತ ಎಣಿಸಿದೆ ನೋಡಿ ನಿಮ್ಮ ಮೆಷಿನ್ನು.”

“ಕಲಿಸಿ ಡಾಕ್ಟ್ರೇ. ನಾನಾಗಿದ್ರೆ ನೀವು ಬೈದ ಕೂಡ್ಲೇ ಕಲೀತಿದ್ದೆ.”

ದಿನವೂ ಹೀಗೇ. ಜಗಳವಾಡುತ್ತಲೇ ಒಂದು ಕಾಫಿ ಬೈಟು ಮಾಡಿ ಕುಡಿಯುವುದು ರೂಢಿಯಾಯಿತು. ಮಳೆ ಬರುವುದಕ್ಕೂ, ಕ್ಯಾಂಟೀನಿನ ವಡೆ ಬಿಸಿ ಇರುವುದಕ್ಕೂ ಅವನು ಪರ್ಸೆಂಟ್ ಹೇಳುತ್ತಿದ್ದ. ಅವಳು ಮೂತಿ ತಿರುಗಿಸುತ್ತಿದ್ದಳು. ಮತ್ತೆ ಅವನು ಪರದೆಯ ಕಡೆ ತಿರುಗಿದಾಗ ಅವನ ಕತ್ತಿನ ಮೇಲಿನ ಸಣ್ಣ ಮಚ್ಚೆಯನ್ನೇ ನೋಡುತ್ತಾ ಕೂರುತ್ತಿದ್ದಳು.

ಶ್ರೀಗಂಧದ ಕಾವಲ್‌ನ ವಿಮಲಮ್ಮನ ಸ್ಲೈಡು ಬಂದದ್ದು ಆ ದಿನಗಳಲ್ಲೇ. ಸ್ತನದ ಗಡ್ಡೆ ತೆಗೆದಾಗಿತ್ತು. ಕೀಮೋ ಬೇಡ, ಮಾತ್ರೆ ಸಾಕೆಂದು ರಂಜಿನಿಯ ಕಣ್ಣು ಹೇಳಿತು. ಕಾಯಿಲೆ ಮರಳುವ ಅಪಾಯ ಹೆಚ್ಚು ಎಂದಿತು ಪ್ರೋಗ್ರಾಮು. ಇಬ್ಬರೂ ಒಂದು ಮಧ್ಯಾಹ್ನ ಪೂರ್ತಿ ಕಿತ್ತಾಡಿದರು. ಕೊನೆಗೆ ಅವಳು ಸ್ಲೈಡನ್ನು ಮತ್ತೆ ಅಂಗುಲ ಅಂಗುಲವಾಗಿ ನೋಡಿದಳು. ಅಂಚಿನಲ್ಲೊಂದು ಕಡೆ ಕಂದು ಕೋಶಗಳು ಇರುವೆ ಮುತ್ತಿದ ಹಾಗೆ ಮುತ್ತಿದ್ದವು. ಅಪಾಯ ಹೆಚ್ಚೆಂದೇ ಬರೆದು ರಿಪೋರ್ಟಿಗೆ ಸಹಿ ಹಾಕಿದಳು. ವಿಮಲಮ್ಮನಿಗೆ ಕೀಮೋ ಶುರುವಾಯಿತು.

ಎರಡನೇ ಸಲದ ಕೀಮೋ ಆದ ಮೇಲೆ ಬಿಳಿ ರಕ್ತಕಣ ಕುಸಿದು, ಸೋಂಕು ತಗುಲಿ, ಆಕೆ ಐಸಿಯು ಸೇರಿದರು. ‘ಮಾತ್ರೆಯಲ್ಲೇ ಹೋಗುತ್ತಿತ್ತಂತೆ, ಕಂಪ್ಯೂಟರ್ ಮಾತು ಕೇಳಿ ಕೀಮೋ ಕೊಟ್ಟರಂತೆ’ ಎಂದು ಯಾರೋ ಮಗನ ಕಿವಿಗೆ ಹಾಕಿದರು.

ಮಗ ಅರುಣ್ ಕುಮಾರ್ ನಾಲ್ಕೈದು ಜನ ನೆಂಟರನ್ನು ಕಟ್ಟಿಕೊಂಡು, ಕಬ್ಬಿಣದ ರಾಡು ಹಿಡಿದು, ಹಾಡಹಗಲೇ ಲ್ಯಾಬಿಗೆ ನುಗ್ಗಿದ.

“ಯಾವನೋ ಅವ್ನು, ಕಂಪ್ಯೂಟರಲ್ಲಿ ನಮ್ಮಮ್ಮನ ಹಣೆಬರಹ ಬರ್ದೋನು?”

ಕಿರಣ್ ಎದ್ದು ನಿಂತ. “ನಾನೇ ಅಣ್ಣ. ಕೂತ್ಕೊಳ್ಳಿ, ಮಾತಾ...”

ಮಾತು ಮುಗಿಯಲಿಲ್ಲ. ಕಪಾಳಕ್ಕೆ ಬಿದ್ದ ಏಟಿಗೆ ಅವನು ಮೇಜಿನ ಮೇಲೆ ಬಿದ್ದ. ಒಬ್ಬ ಸ್ಲೈಡಿನ ಚಿತ್ರ ತೆಗೆಯುವ ಸ್ಕ್ಯಾನರನ್ನು ಎತ್ತಿ ನೆಲಕ್ಕೆ ಕುಕ್ಕಿದ. ಇನ್ನೊಬ್ಬ ಸ್ಲೈಡಿನ ಟ್ರೇಗಳನ್ನು ಎಳೆದೆಳೆದು ಬಿಸಾಡಿದ. ಯಾರ ಯಾರದೋ ತಾಯಂದಿರ, ಗಂಡಂದಿರ, ಮಕ್ಕಳ ಸ್ಲೈಡುಗಳು ಬೂಟಿನಡಿ ಪುಡಿಯಾದವು. ತಡೆಯಹೋದ ರಂಜಿನಿಯ ಜಡೆ ಹಿಡಿದು ಒಬ್ಬ ಗೋಡೆಗೆ ಅಪ್ಪಳಿಸಿದ. ಅವಳ ಬಾಯಿಗೆ ರಕ್ತದ ರುಚಿ ಬಂತು.

ಮೂಲೆಯ ಬೀರುವಿನಲ್ಲಿ ಗಡ್ಡೆಗಳನ್ನು ಕೂರಿಸಿದ ಮೇಣದ ಅಚ್ಚುಗಳಿದ್ದವು. ಗಾಜು ಒಡೆದರೆ ಅಚ್ಚಿನಿಂದ ಮತ್ತೆ ಸೀಳಬಹುದು. ಅಚ್ಚೇ ಹೋದರೆ ಆ ರೋಗಿಗಳ ಗಡ್ಡೆಯ ಗುರುತೇ ಉಳಿಯದು. ಒಬ್ಬ ಸ್ಪಿರಿಟ್ಟಿನ ಕ್ಯಾನು ತೆರೆದು ಬೀರುವಿನ ಮೇಲೆ ಸುರಿಯಲು ಹೊರಟ. ಕಿರಣ್ ಅವನ ಮೇಲೆ ಬಿದ್ದು ಕ್ಯಾನು ಕಿತ್ತು ಬಾಗಿಲಾಚೆ ಎಸೆದ. ಬೀರುವಿಗೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ನಿಂತ.

“ಹೊಡೀರಿ. ಇದನ್ನ ಮಾತ್ರ ಮುಟ್ಬೇಡಿ. ಇದ್ರಲ್ಲಿ ನಿಮ್ಮಮ್ಮಂದೂ ಇದೆ.”

ಅರುಣ್ ಕುಮಾರ್ ರಾಡು ಬೀಸಿದ. ಮೊದಲ ಏಟು ಭುಜಕ್ಕೆ. ಎರಡನೆಯದು ಮುಖಕ್ಕೆ. ಕನ್ನಡಕ ಚೂರಾಗಿ ಎಡಗಣ್ಣಿನೊಳಗೆ ಹೊಕ್ಕಿತು. ಕಿರಣ್ ಕೂಗಿದ ಕೂಗು ಮನುಷ್ಯರದಾಗಿರಲಿಲ್ಲ. ಆದರೂ ಅವನು ಬೀರು ಬಿಟ್ಟು ಕದಲಲಿಲ್ಲ. ರಾಡು ಮತ್ತೆ ಮೇಲೆದ್ದಿತು.

ರಂಜಿನಿ ಯೋಚಿಸಲಿಲ್ಲ. ಗೋಡೆಗೆ ತೂಗುಹಾಕಿದ್ದ ಬೆಂಕಿ ಆರಿಸುವ ಸಿಲಿಂಡರನ್ನು ಕಿತ್ತು, ಇದ್ದ ಬಲವನ್ನೆಲ್ಲ ಹಾಕಿ ಆ ಕೈಯ ಮೇಲೆ ಬಡಿದಳು. ಮೂಳೆ ಲಟಕ್ಕೆಂದಿತು. ರಾಡು ಉರುಳಿತು. ಅರುಣ್ ಕುಮಾರ್ ಮಂಡಿಯೂರಿದ. ಅವಳು ಬೆನ್ನಿಗೊಂದು ಹಾಕಿದಳು. ಮತ್ತೊಂದು ಹಾಕಿದಳು. ಅವಳ ಮುಖ ನೋಡಿಯೇ ಉಳಿದವರು ಹಿಂದೆ ಸರಿದರು. ಸಿಲಿಂಡರನ್ನು ತಲೆಯೆತ್ತರಕ್ಕೆ ಎತ್ತಿದಳು. ಕೆಳಗೆ ಒಂದು ನೆತ್ತಿ ಮಾತ್ರ ಕಾಣುತ್ತಿತ್ತು.

ಒದ್ದೆ ಕೈಯೊಂದು ಅವಳ ಮಣಿಕಟ್ಟು ಹಿಡಿಯಿತು.

“ರಂಜಿನಿ. ಸಾಕು. ತಲೆಗೆ ಬೇಡ.”

ಕಿರಣ್ ಅವಳನ್ನು ಬರೀ ಹೆಸರಿನಿಂದ ಕರೆದದ್ದು ಅದೇ ಮೊದಲು. ಸಿಲಿಂಡರು ಕೈಜಾರಿತು. ಅವನು ಅವಳ ಮೇಲೆಯೇ ಕುಸಿದ. ಪೊಲೀಸರು ಬರುವವರೆಗೆ ಒಡೆದ ಗಾಜಿನ ನಡುವೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳ ಬಿಳಿ ಕೋಟು ಕೆಂಪಾಗಿತ್ತು.

ಕಣ್ಣಿನ ಆಪರೇಷನ್ ಮುಗಿಸಿ ಬಂದ ಡಾಕ್ಟರನ್ನು ಅವಳು ಅಡ್ಡಗಟ್ಟಿದಳು. “ಎಷ್ಟು ಪರ್ಸೆಂಟ್ ಸಾರ್? ದೃಷ್ಟಿ ಬರೋ ಚಾನ್ಸ್ ಎಷ್ಟಿದೆ? ಒಂದು ನಂಬರ್ ಹೇಳಿ.”

ಆತ ಇಲ್ಲವೆಂಬಂತೆ ತಲೆಯಾಡಿಸಿದರು. ಸಂಖ್ಯೆ ಕೇಳುವ ರೋಗಿಗಳ ಮೇಲೆ ತಾನು ರೇಗಿದ್ದೆಲ್ಲ ಅವಳಿಗೆ ನೆನಪಾಗಿ, ಗೋಡೆಗೊರಗಿ ಅತ್ತಳು.

ಎಡಗಣ್ಣಿನ ದೃಷ್ಟಿ ಬರಲಿಲ್ಲ. ಕಿರಣ್ ಕೆಂಗೇರಿ ಉಪನಗರದ ಮನೆ ಸೇರಿದ. ಅವಳ ಫೋನು ಎತ್ತುವುದನ್ನು ನಿಲ್ಲಿಸಿದ.

ಚೇತರಿಸಿಕೊಂಡ ವಿಮಲಮ್ಮ ಮತ್ತೆ ಕೀಮೋಗೆ ಬಂದ ದಿನ ತಲೆಗೆ ಬಟ್ಟೆ ಸುತ್ತಿಕೊಂಡು ಲ್ಯಾಬಿನ ಬಾಗಿಲಲ್ಲಿ ನಿಂತರು.

“ಡಾಕ್ಟ್ರಮ್ಮಾ, ನನ್ ಮಗಂದು ತಪ್ಪಾಯ್ತು. ಅವ್ನಿಗೂ ಕೈ ಮುರಿದೈತೆ. ಕೇಸು ವಾಪಸ್ ತಗೊಳ್ಳಿ ತಾಯೀ.”

“ನಿಮ್ಮ ಟ್ರೀಟ್‌ಮೆಂಟ್ ನಿಲ್ಲಲ್ಲಮ್ಮ,” ಎಂದಳು ರಂಜಿನಿ. “ಕೇಸೂ ನಿಲ್ಲಲ್ಲ.”

“ಆ ಹುಡುಗನ್ ಕಣ್ಣು?”

“ಹೋಯ್ತು.”

ವಿಮಲಮ್ಮ ತಮ್ಮ ಕೆನ್ನೆಗೆ ತಾವೇ ಪಟಪಟನೆ ಹೊಡೆದುಕೊಂಡರು. ರಂಜಿನಿ ಆ ಕೈಗಳನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿ, ಕೀಮೋ ವಾರ್ಡಿನವರೆಗೆ ತಾನೇ ಕರೆದುಕೊಂಡು ಹೋದಳು.

ಅಂದೇ ಸಂಜೆ ವಿಜಯನಗರದಲ್ಲಿ ಕೆಂಗೇರಿ ಕಡೆಯ ಮೆಟ್ರೋ ಹತ್ತಿದಳು. ಬಾಗಿಲು ತೆರೆದ ಕಿರಣನ ತಾಯಿ ಗುರುದೇವಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಹೊಡೆದವನ ಕೈ ಮುರಿದ ಡಾಕ್ಟ್ರು ನೀನೇನಾ? ಮಹಡಿ ಮೇಲಿದಾನೆ. ನಂಗಂತೂ ಮಾತಾಡಿಸಿ ಸಾಕಾಯ್ತು, ನೀನು ಹೋಗಿ ಬೈಯಮ್ಮ.”

ಕಿರಣ್ ಒಣಗಿದ ಬಟ್ಟೆಗಳ ನಡುವೆ ಕಟ್ಟೆಯ ಮೇಲೆ ಕೂತಿದ್ದ. ಹೆಜ್ಜೆ ಸಪ್ಪಳಕ್ಕೇ ಯಾರೆಂದು ತಿಳಿಯಿತು. ತಿರುಗಲಿಲ್ಲ.

“ಯಾಕ್ ಬಂದ್ರಿ ಡಾಕ್ಟ್ರೇ? ಕನಿಕರ ಬೇಡ ನಂಗೆ.”

“ಕನಿಕರಕ್ಕೆ ಯಾರಾದ್ರೂ ಇನ್ನೊಬ್ರ ಕೈ ಮುರೀತಾರೇನೋ?” ಅವಳು ಬಾಗಿಲಲ್ಲೇ ನಿಂತಳು. “ಆವತ್ತು ನೀನು ಹಿಡೀದೇ ಇದ್ದಿದ್ರೆ ಸಾಯಿಸಿಬಿಡ್ತಿದ್ದೆ ಕಣೋ. ನಿನ್ನ ಮೇಲೆ ಇಷ್ಟೊಂದು ಪ್ರೀತಿ ಇದೆ ಅಂತ ಗೊತ್ತಾಗಿದ್ದೇ ಆಗ. ಇವತ್ತಿಗೂ ನಂಗೆ ನನ್ನ ಕೈ ನೋಡಿದ್ರೆ ಭಯ ಆಗತ್ತೆ.”

ಅವನು ಒಣಗಿದ ಬಟ್ಟೆಯೊಂದನ್ನು ಎಳೆದುಕೊಂಡು ಮಡಿಚಿದ.

“ನಂಗೂ ಭಯ ಆಗಿತ್ತು,” ಎಂದ.

“ನನ್ನ ನೋಡಿ?”

“ನೀನು ಜೈಲಿಗೆ ಹೋಗಿಬಿಡ್ತೀಯ ಅಂತ. ಕಣ್ಣು ಹೋಯ್ತು ಅಂತ ಗೊತ್ತಾಯ್ತು. ಆದ್ರೂ ಆಗ ತಲೇಲಿದ್ದಿದ್ದು ಅದೊಂದೇ.”

ರಂಜಿನಿ ಅಳುತ್ತಲೇ ನಕ್ಕಳು. ಹೋಗಿ ಅವನ ಎಡಕ್ಕೆ, ಒತ್ತಿಕೊಂಡು ಕೂತಳು.

“ಈ ಕಡೆ ಬಂದು ಕೂತ್ಕೋ. ಅಲ್ಲಿದ್ರೆ ನೀನು ಕಾಣಲ್ಲ.”

“ಬರಲ್ಲ. ನೋಡ್ಬೇಕು ಅಂದ್ರೆ ನೀನೇ ತಿರುಗು.”

ಅವನು ನಿಧಾನವಾಗಿ, ಇಡೀ ಮುಖವನ್ನೇ ಅವಳ ಕಡೆಗೆ ತಿರುಗಿಸಿದ.