ಮುಟ್ಟಬೇಡಿ ಅಂದವನು

"ಕೈ ಹಿಂದಕ್ಕೆ ತಗೊಳ್ರೀ!"

ಚಿತ್ರಶಾಲೆಯೇ ತಿರುಗಿ ನೋಡಿತು. ಅವಳ ಬೆರಳು ಚಿತ್ರದಿಂದ ಗೇಣು ದೂರದಲ್ಲಿ ನಿಂತುಬಿಟ್ಟಿತು.

ಮುಟ್ಟುವ ಉದ್ದೇಶ ಇರಲಿಲ್ಲ... ಇತ್ತೇನೋ! ಚಿತ್ರದ ಹೆಂಗಸಿನ ತೋಳಿನ ನೆರಿಗೆ ಯಾವ ಬಟ್ಟೆಯದ್ದೆಂದು ದರ್ಜಿಯಾಗಿದ್ದ ಅವಳ ಬೆರಳಿಗೆ ತಿಳಿಯಬೇಕಿತ್ತು, ಅಷ್ಟೆ.

"ಮೆಲ್ಲಗೆ ಹೇಳೋಕೆ ಬರಲ್ವಾ ನಿಮಗೆ?"

"ಮೆಲ್ಲಗೆ ಹೇಳೋಷ್ಟರಲ್ಲಿ ಮುಟ್ಟಿರ್ತಿದ್ರಿ," ಎಂದ ಕಾವಲುಗಾರ.

ಅವಳಿಗೆ ಸಿಟ್ಟು ನೆತ್ತಿಗೇರಿತು. ಆದರೂ ಮುಂದಿನ ವಾರ ಮತ್ತೆ ಬಂದಳು. ಅದರ ಮುಂದಿನ ವಾರವೂ. ಚಿತ್ರ ನೋಡೋಕೆ ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡಳು.

ಕೊನೆಗೆ ಅವನೇ ಬಾಯಿ ಬಿಟ್ಟ. "ಸೋಮವಾರ ನಮಗೆ ರಜೆ. ಮೊನ್ನೆ ಮಾತಾಡ್ತಾ, ಊರು ಸರಿಯಾಗಿ ನೋಡಿಲ್ಲ ಅಂದ್ರಲ್ಲ... ತೋರಿಸ್ಲಾ?"

ಮನೆಯಲ್ಲಿ ಈ ವಿಷಯ ಗೊತ್ತಿದ್ದದ್ದು ಅತ್ತಿಗೆಗೆ ಮಾತ್ರ. "ನೋಡೇ, ನಿನ್ನ ಹೆಣ್ಣು ಕೇಳಿದ ಬಟ್ಟೆ ಅಂಗಡಿಯವರು ಸೋಮವಾರ ಸಂಜೆಯೊಳಗೆ ಉತ್ತರ ಕೇಳಿದ್ದಾರೆ. ಇವನ ಬಾಯಿಂದ ಮದುವೆ ಮಾತು ಬಂದ್ರೆ ನಿಮ್ಮಣ್ಣನ್ನ ನಾನು ನೋಡ್ಕೋತೀನಿ. ಬರಲಿಲ್ವೋ, ಅವರ ಮಗನಿಗೇ ಹೂಂ ಅನ್ನು."

ಸೋಮವಾರ ಬಂತು. ಆ ದಿನಕ್ಕೆಂದೇ ಹೊಲಿದ ನೀಲಿ ಅಂಗಿ ತೊಟ್ಟು ಬಂದಳು.

ಅವನು ನೋಡಲೇ ಇಲ್ಲ!

ಬಸ್ಸಿನ ಮಹಡಿಯಲ್ಲಿ ಕೂತಾಗ ಅವನ ಕಣ್ಣು ಮುಂದಿನ ಸೀಟಿನವನ ಮೇಲೆ. ಗಡಿಯಾರದ ಗೋಪುರ ಹತ್ತಿ, "ಅಲ್ನೋಡಿ, ನದಿ ಎಷ್ಟು ಚೆನ್ನಾಗಿದೆ!" ಎಂದರೆ, ಅವನು ಯಾರಿಗೋ "ಸಾರ್, ಬ್ಯಾಗು ಹುಷಾರು" ಅನ್ನುತ್ತಿದ್ದ.

ಮಧ್ಯಾಹ್ನ, ಸೋಮವಾರವೂ ತೆರೆದಿರುವ ಇನ್ನೊಂದು ಚಿತ್ರಶಾಲೆಗೆ ಹೋದರು. ಅವಳು ಚಿತ್ರಕ್ಕೆ ಮುಖ ಮಾಡಿ ನಿಂತಳು. ಅವನು ಬೆನ್ನು ಮಾಡಿ ನಿಂತ. ಅವನ ದೃಷ್ಟಿ ಕೆಂಪು ಅಂಗಿಯ ಹುಡುಗಿಯೊಬ್ಬಳ ಮೇಲೆ ನೆಟ್ಟಿತ್ತು.

'ಇಷ್ಟೇನಾ ನಾನು...?'

ಫೋನ್ ಬಡಿದುಕೊಂಡಿತು. ಅತ್ತಿಗೆ. "ಏನಂದ್ನೇ? ಇಲ್ಲಾ, ಚಿತ್ರ ನೋಡೋಕೆ ಬಂದೋರ ಹಾಗೆ ನಿನ್ನನ್ನೂ ಹಗ್ಗದ ಆಚೆ ನಿಲ್ಲಿಸಿದ್ದಾನಾ?"

"ಅತ್ತಿಗೆ, ಅಂಗಡಿಯವರಿಗೆ..." ಕಣ್ಣಂಚಿನಲ್ಲಿ ಅವನನ್ನು ನೋಡಿದಳು. "ಸ್ವಲ್ಪ ಬಿಟ್ಟು ಮಾಡ್ತೀನಿ."

ಫೋನಿಟ್ಟು ಅವನತ್ತ ತಿರುಗಿದಳು. "ಆ ಕೆಂಪು ಅಂಗಿಯವಳು ಅಷ್ಟು ಚೆನ್ನಾಗಿದ್ದಾಳಾ?"

"ಯಾರು?" ಅವನು ನಿಜಕ್ಕೂ ಗಲಿಬಿಲಿಗೊಂಡ. "ಓ... ಅವಳ ಕೊಡೆ! ಇನ್ನೊಂದು ಹೆಜ್ಜೆ ಹಿಂದಿಟ್ರೆ ತುದಿ ಚಿತ್ರಕ್ಕೆ ಚುಚ್ಚುತ್ತೆ."

"ಇವತ್ತು ನಿಮಗೆ ರಜೆ!"

"ಗೊತ್ತು..." ಅವನ ದನಿ ಇಳಿಯಿತು. "ವರ್ಷಗಟ್ಟಲೆ ಚಿತ್ರಗಳಿಗೆ ಬೆನ್ನು ಹಾಕಿ ನಿಂತಿದ್ದೀನಿ. ಜನರ ಕೈ ನೋಡೋದೇ ಕೆಲಸ. ಮುಖ ನೋಡಿ ಮಾತಾಡೋದು ಮರೆತೇಹೋಗಿದೆ."

"ಅಂದ್ರೆ ನನ್ನ ಮುಖ ನಿಮಗೆ ನೆನಪೇ ಇರಲ್ಲ!"

"ನಿಮ್ಮ ಎಡಗೈ ತೋರುಬೆರಳಲ್ಲಿ ಸೂಜಿ ಚುಚ್ಚಿದ ಗುರುತಿದೆ. ಬಲಗೈ ಹೆಬ್ಬೆರಳು ಕತ್ತರಿ ಹಿಡಿದು ದಡ್ಡುಗಟ್ಟಿದೆ. ಇವತ್ತು ಕಿರುಬೆರಳಿನ ಉಗುರಿಗೆ ನೀಲಿ ದಾರ ಸಿಕ್ಕಿಕೊಂಡಿದೆ. ಬೆಳಗ್ಗೆಯಿಂದ ಹೇಳೋಣ ಅಂತಿದ್ದೆ..."

ಅವಳು ಕೈ ನೋಡಿಕೊಂಡಳು. ದಾರ ಇತ್ತು.

"ದಿನಾ ಎಷ್ಟೋ ಕೈ ನೋಡ್ತೀನಿ. ಮನೆಗೆ ಹೋದ್ಮೇಲೂ ನೆನಪಾಗೋದು ಈ ಕೈ ಒಂದೇ."

"ಹಾಗಂದ್ರೆ?"

"ಹಾಗಂದ್ರೆ... ನನ್ನ ಮದುವೆ ಆಗ್ತೀರಾ ಅಂತ." ಅದನ್ನೂ ಅವಳ ಕೈಗೇ ಹೇಳಿದ.

ಅವಳಿಗೆ ನಗುವೂ ಬಂತು, ಅಳುವೂ ಬಂತು. "ಮೊದಲು ತಿರುಗಿ. ಚಿತ್ರ ನೋಡಿ."

"ಆ ಕೊಡೆ..."

"ಕೊಡೆ ನಾನು ನೋಡ್ಕೋತೀನಿ!"

ಅವನು ತಿರುಗಿದ. ಚಿತ್ರದಲ್ಲಿ ಹೆಂಗಸೊಬ್ಬಳು ಕಿಟಕಿಗೆ ಒರಗಿ ನಗುತ್ತಿದ್ದಳು. ತುಂಬ ಹೊತ್ತು ನೋಡಿದ. ಆಮೇಲೆ ನಿಧಾನವಾಗಿ ಪಕ್ಕದಲ್ಲಿ ನಿಂತವಳ ಮುಖ ನೋಡಿದ. ಈ ಸಲ ಕಣ್ಣು ತಪ್ಪಿಸಲಿಲ್ಲ.

"ನೀವು ನಗೋದು ಇದಕ್ಕಿಂತ ಚೆನ್ನಾಗಿದೆ."

ಅವಳು ಫೋನ್ ಎತ್ತಿಕೊಂಡಳು. "ಅತ್ತಿಗೆ, ಅಣ್ಣನ್ನ ನೀವು ನೋಡ್ಕೊಳ್ಳಿ."

ಆ ಕಡೆಯಿಂದ ಕೇಕೆ ಕೇಳಿಸಿತು. ಫೋನಿಟ್ಟಳು. ಅವನ ಅಂಗಿ ತೋಳಿನ ಗುಂಡಿ ಒಂದೇ ಎಳೆಯಲ್ಲಿ ಜೋತಾಡುತ್ತಿತ್ತು. ದರ್ಜಿಯ ಬೆರಳು ತಾನಾಗಿ ಮುಂದೆ ಹೋಗಿ, ಗೇಣು ದೂರದಲ್ಲಿ ನಿಂತಿತು.

"ಮುಟ್ಟಬಹುದಾ?"

"ಮೆಲ್ಲಗೆ ಕೇಳೋಷ್ಟರಲ್ಲಿ," ಎಂದ ಅವನು, "ಮುಟ್ಟಿರಬೇಕಿತ್ತು ನೀವು."