ಬೆಂಕಿಗೆ ಮೊದಲ ತುತ್ತು

ಬೆಳಗಿನ ಬೂದಿಯನ್ನು ಒಲೆಯ ಬಾಯಿಂದ ತೋಡಿ ತಗಡಿನ ಬಕೆಟ್ಟಿಗೆ ಹಾಕುತ್ತಿದ್ದ ಡೆಸ್ಮಂಡ್. ವರ್ಡಿ ಅತ್ತೆ ಬಂದವಳೇ ತನ್ನ ಊರುಗೋಲಿನಿಂದ ಅವನ ಸಲಿಕೆಯನ್ನು ಅದುಮಿ ಹಿಡಿದಳು.

"ಬೂದಿ ಆಮೇಲೆ ತೆಗಿ. ಮಾಂಸ ಬಿಡಿಸುವಾಗ ಮೊದಲ ತುಂಡು ಕೆಂಡಕ್ಕೆ. ನಿನ್ನ ಬಾಯಿಗಲ್ಲ, ಯಾರ ಬಾಯಿಗೂ ಅಲ್ಲ. ಕೇಳಿಸ್ತಾ?"

"ನಿನ್ನೆಯಿಂದ ಇದನ್ನೇ ಹೇಳ್ತಿದೀರಲ್ಲ ಅತ್ತೆ."

"ಷಿಕಾಗೋದವರ ಕಿವಿಗೆ ಎರಡೆರಡು ಸಲ ಹೇಳಬೇಕು."

ಪಕ್ಕದ ಒಲೆಯವನು ಟೋಪಿಯೊಳಗೇ ನಕ್ಕ. "ಅಷ್ಟು ದೂರದಿಂದ ಬಂದೋನು ಗ್ಯಾಸ್ ಒಲೆ ತರ್ಲಿಲ್ವೇನಪ್ಪಾ?"

ಟೆನೆಸಿಯ ಆ ಸಣ್ಣ ಊರಿನ ಆಟದ ಮೈದಾನದ ತುಂಬ ಅವತ್ತು ಮಾಂಸ ಬೇಯಿಸುವ ಪಂದ್ಯದ ಒಲೆಗಳೇ. ಹಿಕರಿ ಕಟ್ಟಿಗೆಯ ಹೊಗೆ ಮೇಲೇಳಲಾರದೆ ಹುಲ್ಲಿನ ಮೇಲೇ ತೆವಳುತ್ತಿತ್ತು. ಡೆಸ್ಮಂಡನ ಮುಂದಿದ್ದುದು ಗಾಲಿಯ ಮೇಲೆ ಕೂತ ಹಳೆಯ ಕಬ್ಬಿಣದ ಒಲೆ, ಅವನ ಮಾವ ಥ್ಯಾಡಿಯಸ್ ರಫಿನ್‌ನದು. ಆ ಒಲೆಯಲ್ಲಿ ಹಂದಿಯ ಭುಜ ಬೇಯಿಸಿ ಥ್ಯಾಡಿಯಸ್ ಗೆಲ್ಲದ ಪಂದ್ಯವೇ ಇರಲಿಲ್ಲ. ಅವನು ತೀರಿಕೊಂಡದ್ದು ಚಳಿಗಾಲದಲ್ಲಿ. ಈಗಲೂ ಆ ಒಲೆಯ ಮುಂದೆ ಹಾದುಹೋಗುವವರು ಟೋಪಿ ಮುಟ್ಟಿಕೊಂಡೇ ಹೋಗುತ್ತಿದ್ದರು. ಡೆಸ್ಮಂಡನನ್ನು ಮಾತ್ರ ಎಲ್ಲರೂ ಥ್ಯಾಡಿಯಸನ ಅಳಿಯ ಅನ್ನುತ್ತಿದ್ದರು. ಇವತ್ತು ಗೆದ್ದರೆ ತನಗೂ ಒಂದು ಹೆಸರು.

"ಕೊಡದಿದ್ರೆ ಏನಾಗುತ್ತೆ?" ಅವನು ಸಲಿಕೆ ಬಿಡಿಸಿಕೊಂಡ.

ಮುದುಕಿ ಸುತ್ತ ನೋಡಿ ದನಿ ತಗ್ಗಿಸಿದಳು. ತನ್ನ ಅಣ್ಣ ಥ್ಯಾಡಿಯಸನೆದುರು ಪಂದ್ಯದಲ್ಲಿ ಸೋತ ಒಬ್ಬ, ಬೇರು ಕಟ್ಟುವ ಹೆಂಗಸಿನಿಂದ ಮಾಟ ಮಾಡಿಸಿದ್ದ. ಕೆಂಪು ಬಟ್ಟೆಯ ಗಂಟೊಂದು ಕಟ್ಟಿಗೆಯ ನಡುವೆ ಸೇರಿ ಬೆಂಕಿಗೆ ಬಿದ್ದಿತ್ತು. "ಗಂಟು ಸುಟ್ಟುಹೋಯ್ತು. ಅವತ್ತಿಂದ ಈ ಕಬ್ಬಿಣಕ್ಕೆ ಹಸಿವು. ಅದರ ಪಾಲು ಯಾರು ತಿಂದ್ರೂ ಅವರ ನಾಲಿಗೆಯಿಂದ ರುಚಿ ಕಿತ್ಕೊಳ್ಳುತ್ತೆ. ನಮ್ಮಣ್ಣನಿಂದ ಕಿತ್ಕೊಂಡ ಹಾಗೆ."

ಡೆಸ್ಮಂಡ್ ಗಟ್ಟಿಯಾಗಿ ನಕ್ಕ. "ಊರೆಲ್ಲ ಬೆರಳು ಚೀಪ್ತಾ ನಿಂತಿದ್ದು ರುಚಿ ಗೊತ್ತಿಲ್ಲದವನ ಅಡುಗೆಗಾ?"

"ಎಲುಬು ಅಲುಗಿಸಿ ನೋಡ್ತಿದ್ದ. ಕೊಬ್ಬು ಕೆಂಡಕ್ಕೆ ಬೀಳೋ ಸದ್ದು ಕೇಳ್ತಿದ್ದ. ಅಷ್ಟೇ ಮಗಾ. ಗೆಲ್ತಾ ಇದ್ದ, ಅದಕ್ಕೇ ಒಲೆ ಬಿಡ್ಲಿಲ್ಲ."

ಅವಳು ಕುಂಟುತ್ತ ನೀರು ತರಲು ಹೋದಳು.

ಬಿಸಿಲು ನೆತ್ತಿಗೇರಿದಾಗ ಡೆಸ್ಮಂಡ್ ಮುಚ್ಚಳ ಎತ್ತಿದ. ಹೊಗೆ, ಕಾಳುಮೆಣಸು, ಸುಟ್ಟ ಸಕ್ಕರೆ, ಕರಗಿದ ಕೊಬ್ಬು, ಎಲ್ಲ ಸೇರಿದ ಘಮ ಮುಖಕ್ಕೆ ರಾಚಿತು. ಭುಜದ ಎಲುಬು ಹಿಡಿದು ಎಳೆದರೆ ತುಪ್ಪದಿಂದ ಎಳೆದಂತೆ ಬಂತು. ಕಪ್ಪಗೆ ಗರಿಗಟ್ಟಿದ ಹೊರಪದರದಿಂದ ಒಂದು ತುಂಡು ಕಿತ್ತ. ಇಡೀ ಮಾಂಸದಲ್ಲಿ ಇದಕ್ಕಿಂತ ಒಳ್ಳೆಯ ತುಂಡಿಲ್ಲ. ಇದನ್ನು ಕೆಂಡಕ್ಕೆ ಎಸೆಯುವುದೇ?

ಪಕ್ಕದಲ್ಲಿ ಮಗಳು ಓಪಲ್ ನಿಂತಿದ್ದಳು. ಮುಂದಿನ ಹಲ್ಲು ಬಿದ್ದ ಪುಟ್ಟ ಬಾಯಿ. ಮೊಣಕೈವರೆಗೆ ಪೀಚ್ ಹಣ್ಣಿನ ರಸ.

"ನಂಗೆ ಅಪ್ಪಾ."

ಅವನು ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಉಫ್ ಉಫ್ ಎಂದು ಊದಿದ. ತನ್ನ ತುಟಿಗೆ ತಾಗಿಸಿ ಬಿಸಿ ನೋಡಿದ. ಆಮೇಲೆ ಮಗಳ ಬಾಯಿಗಿಟ್ಟ.

ಒಲೆಯೊಳಗೆ ಕೆಂಡ ಒಮ್ಮೆ ಉಸಿರೆಳೆದುಕೊಂಡಂತೆ ಕಪ್ಪಾಯಿತು. ಮತ್ತೆ ಕೆಂಪಾಯಿತು.

"ಹೇಗಿದೆ ಚಿನ್ನ?"

ಓಪಲ್ ಅಗಿದಳು. ನಿಲ್ಲಿಸಿದಳು. ಏನೋ ಕೇಳಲು ಬಾಯಿ ತೆರೆದಳು. ಅಪ್ಪನ ಮುಖದ ಖುಷಿ ನೋಡಿ ಮುಚ್ಚಿಕೊಂಡಳು.

ಅವನೂ ತಿಂದು ನೋಡಿದ. ಅದ್ಭುತವಾಗಿತ್ತು. ಅತ್ತೆಯ ಕತೆ ನೆನೆದು ನಗುತ್ತ, ಡಬ್ಬಿಗೆ ಮಾಂಸ ಜೋಡಿಸಿ ತೀರ್ಪುಗಾರರ ಡೇರೆಗೆ ಕೊಟ್ಟು ಬಂದ.

ಬಂದು ನೋಡಿದರೆ ಓಪಲ್ ಮೇಜಿನ ಮುಂದೆ ಕೂತಿದ್ದಳು. ಮಡಿಲಲ್ಲಿ ಮಾಂಸಕ್ಕೆ ಸವರುವ ಖಾರದ ಪುಡಿಯ ಡಬ್ಬ. ಚಮಚ ತುಂಬ ಪುಡಿ ಬಾಯಿಗೆ. ಮತ್ತೊಂದು ಚಮಚ. ತುಟಿಗಳು ಊದಿ ಕೆಂಪಾಗಿದ್ದವು. ಕಣ್ಣಲ್ಲಿ ಒಂದು ಹನಿ ನೀರಿಲ್ಲ.

ಅವನು ಡಬ್ಬ ಕಿತ್ತು ಎಸೆದ. ಬಾಯಿ ತೊಳೆದ. ನಾಲಿಗೆಯ ಮೇಲೆ ಸಕ್ಕರೆ ಇಟ್ಟ.

ಬೆನ್ನ ಹಿಂದೆ ಸದ್ದಾಯಿತು.

ಮುಚ್ಚಿದ ಒಲೆಯೊಳಗೆ. ಕೊಬ್ಬು ಬಿದ್ದ ಸದ್ದಲ್ಲ. ಕೊಬ್ಬು ಬಿದ್ದರೆ ಚುರ್ ಅನ್ನುತ್ತದೆ. ಇದು ಒದ್ದೆ ಸದ್ದು. ಯಾರೋ ನಾಲಿಗೆಯಿಂದ ತುಟಿ ಸವರಿಕೊಂಡ ಹಾಗೆ.

ಉಪ್ಪು ಇಟ್ಟ. ಮಗಳ ಮುಖ ಅಲುಗಲಿಲ್ಲ. ಒಲೆ ಚಪ್ಪರಿಸಿತು.

ವಿನೆಗರ್ ಸುರಿದ. ಅವಳು ನೀರಿನ ಹಾಗೆ ನುಂಗಿದಳು. ಒಲೆ ಹುಳಿಗೆ ಲೊಟ್ಟೆ ಹೊಡೆಯಿತು.

ಪೀಚ್ ಹಣ್ಣಿನ ಹೋಳೊಂದನ್ನು ತುಟಿಗೆ ಹಿಡಿದ. ಅವಳು ಕಚ್ಚಿದಳು. ಕಬ್ಬಿಣದ ಹೊಟ್ಟೆಯೊಳಗಿಂದ ಸುದೀರ್ಘವಾಗಿ, ಆತುರವಿಲ್ಲದೆ, ಸಿಹಿ ಚೀಪುವ ಸದ್ದು ಬಂತು. ಬಂತು. ನಿಲ್ಲಲೇ ಇಲ್ಲ.

ಓಪಲ್ ಹಣ್ಣನ್ನು ಉಗುಳಿದಳು. "ಹತ್ತಿ ಥರ ಇದೆ."

ನೀರಿನ ಕೊಡ ನೆಲಕ್ಕೆ ಬಿತ್ತು. ವರ್ಡಿ ಅತ್ತೆ ನಿಂತಿದ್ದಳು. ಮಗುವಿನ ತುಟಿ ನೋಡಿದಳು, ಒಲೆ ನೋಡಿದಳು.

"ಕೂಸಿಗೆ ಕೊಟ್ಯಾ? ಅಯ್ಯೋ, ಕೂಸಿಗೆ ಕೊಟ್ಯಾ?"

"ಈ ಮಾಟ ಬಿಡಿಸಿ ಅತ್ತೆ. ಯಾರಾದ್ರೂ ಇರ್ತಾರೆ. ಈಗಲೇ ಹೋಗೋಣ. ಎಲ್ಲಿಗಾದ್ರೂ ಸರಿ."

"ನಮ್ಮಣ್ಣ ಸಾಯೋವರೆಗೂ ಹುಡುಕಿದ ಮಗಾ."

ಅಷ್ಟರಲ್ಲಿ ಧ್ವನಿವರ್ಧಕ ಗೊರಗುಟ್ಟಿ ಅವನ ಹೆಸರು ಕೂಗಿತು. ಮೊದಲ ಬಹುಮಾನ. ಥ್ಯಾಡಿಯಸನ ಅಳಿಯ ಅನ್ನಲಿಲ್ಲ, ಅವನದೇ ಹೆಸರು. ಮೈದಾನ ಎದ್ದು ಅವನ ಸುತ್ತ ನೆರೆಯಿತು. ಬೆನ್ನು ತಟ್ಟಿದರು, ತಬ್ಬಿಕೊಂಡರು. ಪಕ್ಕದ ಒಲೆಯವನು ಟೋಪಿ ತೆಗೆದು ಎದೆಗೊತ್ತಿಕೊಂಡ. "ಏನು ರುಚಿ ಕಣಯ್ಯಾ! ಸತ್ತರೂ ಮರೆಯಲ್ಲ ಈ ರುಚಿ!" ತಟ್ಟೆಗಳು ಕೈಯಿಂದ ಕೈಗೆ ದಾಟಿದವು. ರುಚಿ, ರುಚಿ ಎಂದು ಎಲ್ಲ ಬಾಯಲ್ಲೂ ಅದೇ ಮಾತು.

ಡೆಸ್ಮಂಡ್ ಯಾರ ಮುಖವನ್ನೂ ನೋಡಲಿಲ್ಲ. ಮೊಣಕಾಲೂರಿ ಮಗಳನ್ನು ಎದೆಗವಚಿಕೊಂಡ.

ಓಪಲ್ ಜನರ ಬಾಯಿಗಳನ್ನೇ ಒಂದೊಂದಾಗಿ ನೋಡುತ್ತಿದ್ದಳು. ಅವರು ಅಗಿಯುವುದು, ಕಣ್ಣು ಮುಚ್ಚುವುದು, ನಗುವುದು. ಆಗಿನಿಂದ ನುಂಗಿಕೊಂಡಿದ್ದ ಮಾತು ಕೊನೆಗೂ ಊದಿದ ತುಟಿಗೆ ಬಂತು.

"ಅಪ್ಪಾ, ರುಚಿ ಅಂದ್ರೆ ಏನು?"