ಗೌಸಸಾಬನ ಕೊನೆಯ ಕ್ಯೂ

ಗೌಸಸಾಬ ತೀರಿಕೊಂಡ ಮರುವಾರ ಹುಬ್ಬಳ್ಳಿಯ ಕ್ಲಬ್ಬೊಂದರಲ್ಲಿ ಸಂತಾಪ ಸಭೆ ಇಟ್ಟುಕೊಂಡಿದ್ದರು. ಪೂಲ್ ಆಡುವ ಕೋಲನ್ನು, ಅಂದರೆ ಕ್ಯೂವನ್ನು, ಅವರಂತೆ ಮಾಡುವ ಕೈ ಮತ್ತೊಂದಿಲ್ಲ ಎಂದು ಒಬ್ಬರಾದ ಮೇಲೊಬ್ಬರು ಎದ್ದು ಹೇಳಿದರು. ಕೊನೆಯಲ್ಲಿ ಮಾತಾಡಿದವನಂತೂ, "ಅವರ ಜೋಡಿ ಆ ವಿದ್ಯಾನೂ ಮಣ್ಣಿಗೆ ಹೋತು" ಎಂದು ಕಣ್ಣೊರೆಸಿಕೊಂಡ. ಹಿಂದಿನ ಸಾಲಿನಲ್ಲಿ ಕೂತಿದ್ದ ಜುಲ್ಫಿಕಾರನಿಗೆ ನಗು ತಡೆಯುವುದು ಕಷ್ಟವಾಯಿತು. ತಾರಿಹಾಳದಲ್ಲಿದ್ದ ಗೌಸಸಾಬನ ತಗಡಿನ ಶೆಡ್ಡಿನಲ್ಲಿ ಶಿಷ್ಯನಾಗಿ ತನ್ನ ಹರೆಯವನ್ನೆಲ್ಲ ಕಳೆದವನು ಅವನು. ಈ ಕಣ್ಣೊರೆಸಿಕೊಂಡವನ ಕೈಯಲ್ಲಿದ್ದ ಕ್ಯೂವನ್ನು ಕೊಯ್ದು, ಹೆರೆದು, ಉಜ್ಜಿದ್ದು ಜುಲ್ಫಿಕಾರನೇ. ಗೌಸಸಾಬ ಮಾಡಿದ್ದೆಂದರೆ ಕಡೆಗೊಮ್ಮೆ ಕೈಯಾಡಿಸಿ ಮುದ್ರೆ ಒತ್ತಿದ್ದು. ಸಭೆ ಮುಗಿದಾಗ ಜುಲ್ಫಿಕಾರನ ಗುರುತು ಹಿಡಿದದ್ದು ಒಬ್ಬನೇ. ಅವನೂ ಕುರ್ಚಿಗಳನ್ನು ಒಳಗಿಡಲು ಹೇಳಿದ.

ಜುಲ್ಫಿಕಾರನ ಲೆಕ್ಕದಲ್ಲಿ ಉಸ್ತಾದ ಗೌಸಸಾಬ ಎಂದರೆ ಒಬ್ಬ ಮೈಗಳ್ಳ. ಒಂದು ಮರದ ತುಂಡನ್ನು ತಿಂಗಳುಗಟ್ಟಲೆ ಗೋಡೆಗಾನಿಸಿ ಇಟ್ಟು ನೋಡುತ್ತ ಕೂಡುತ್ತಿದ್ದ. ಬಂದ ಗಿರಾಕಿಗಳಿಗೆ ಚಹಾ ಕುಡಿಸಿ ಕಳಿಸುತ್ತಿದ್ದ. ಕಡಿಮೆ ಮಾಡಿದ್ದರಿಂದಲೇ ಬೆಲೆ ಬಂತು, ಬೆಲೆ ಬಂದದ್ದರಿಂದಲೇ ಹೆಸರು ಬಂತು. ಆ ಸೋಮಾರಿತನಕ್ಕೆ ಜನ ತಪಸ್ಸು ಎಂದರು. ಜನ ಎಂದರೆ ಅಷ್ಟೇ.

ಆದ್ದರಿಂದ ಗೌಸಸಾಬನ ಹೆಂಡತಿ ಅಬೀದಾ ಗೋಪನಕೊಪ್ಪದ ಮನೆಗೆ ಕರೆಸಿಕೊಂಡಾಗ ಅವನು ಬೇಸರದಿಂದಲೇ ಹೋದ. ಗಂಡ ತೀರಿದವಳು ಪಾಲಿಸುವ ಇದ್ದತ್ತಿನ ದಿನಗಳು. ಅವಳು ಹೊಸ್ತಿಲು ದಾಟುವಂತಿರಲಿಲ್ಲ, ಹೊರಗಿನವರೆದುರು ಬರುವಂತೆಯೂ ಇರಲಿಲ್ಲ. ಅವನು ಪಡಸಾಲೆಯಲ್ಲಿ ಕೂತ. ಅವಳು ಪರದೆಯ ಆಚೆ ಕೂತಳು. ಮಗಳು ಸುಲ್ತಾನಾ ಹಳೆಯ ಚಾದರದಲ್ಲಿ ಸುತ್ತಿದ್ದ ಒಂದು ಗಂಟನ್ನು ತಂದು ಅವನ ಮುಂದಿಟ್ಟಳು.

"ಜುಲ್ಫಿ, ಇದನ್ನ ಅರ್ಧಕ್ಕ ಬಿಟ್ಟು ಹೋದರಪಾ," ಪರದೆಯ ಹಿಂದಿನಿಂದ ದನಿ ಬಂತು. ಹೆಬ್ಬಳ್ಳಿಯಲ್ಲಿ ಬೆಳೆದ ಅಬೀದಾಗೆ ಮನೆಯಲ್ಲೂ ಕನ್ನಡವೇ ಸಲೀಸು. "ನೀನ ಮುಗಸಬೇಕು. ಮತ್ತ ಯಾರ ಕೈಗೂ ಕೊಡಾಕ ನನ್ನ ಮನಸ್ಸು ಒಪ್ಪವಲ್ದು."

ಜುಲ್ಫಿಕಾರ ಗಂಟು ಬಿಚ್ಚಿದ. ಬೀಟೆಯ ಹಿಡಿಕೆಯೊಳಕ್ಕೆ ಎಬೊನಿ ಮರದ ನಾಲ್ಕು ಕರಿ ಮೊನೆಗಳು ಕೂದಲೆಳೆಯ ಸಂದೂ ಇಲ್ಲದೆ ಕೂತಿದ್ದವು. ಮುಂದಿನ ಬಿಳಿ ಆ್ಯಶ್ ಮರವನ್ನು ಇನ್ನೂ ಪೂರ್ತಿ ಹೆರೆದಿರಲಿಲ್ಲ. ತುದಿಗೆ ಹಿತ್ತಾಳೆಯ ಬಳೆ ಇಲ್ಲ, ಚರ್ಮ ಇಲ್ಲ, ಬುಡದಲ್ಲಿ ಮುದ್ರೆ ಇಲ್ಲ. ಪಕ್ಕದಲ್ಲೇ ಬಟ್ಟೆಯಲ್ಲಿ ಸುತ್ತಿದ ಮುದ್ರೆಯ ಕಬ್ಬಿಣ. ಕಾಯಿಸಿ ಒತ್ತಿದರೆ ಗೌಸಸಾಬನ ಗುರುತು ಮೂಡುವಂಥದ್ದು. ಅವನು ಕೇಳದೆಯೇ ಈ ಹೆಂಗಸು ಅದನ್ನು ಕೊಟ್ಟಿದ್ದಳು.

"ಆತು ಚಾಚಿ. ಉಸ್ತಾದರ ಕೆಲಸಾ ಅಂದ್ರ ನನಗ ನಮಾಜ್ ಇದ್ದಂಗ," ಎಂದ ಜುಲ್ಫಿಕಾರ.

ಪರದೆಯ ಆಚೆ ಮೂಗೆಳೆದ ಸದ್ದು ಕೇಳಿತು. ಅವನ ಬೈಕು ಗೋಪನಕೊಪ್ಪ ದಾಟುವುದರೊಳಗೆ ಉಪಾಯವೂ ಪೂರ್ತಿಯಾಗಿತ್ತು.

ಉಪಾಯ ಸರಳ. ಈ ಕ್ಯೂವನ್ನೇ ಹೋಲುವ ಇನ್ನೊಂದನ್ನು ಮಾಡುವುದು. ಎರಡನ್ನೂ ಮುಗಿಸುವುದು. ಒಂದನ್ನು ಅಬೀದಾಗೆ ಹಿಂದಿರುಗಿಸಿ, ಇನ್ನೊಂದನ್ನು ಗೌಸಸಾಬನ ಕೊನೆಯ ಕ್ಯೂ ಎಂದು ಮಾರುವುದು. ಯಾವುದು ಯಾರಿಗೆ ಎನ್ನುವುದರ ಬಗ್ಗೆ ಅವನಿಗೆ ಗೊಂದಲವಿರಲಿಲ್ಲ. ಕೊಳ್ಳುವವನು ಪರೀಕ್ಷೆ ಮಾಡುತ್ತಾನೆ, ಅವನಿಗೆ ಅಸಲಿ. ವಿಧವೆ ಅಳುತ್ತಾಳೆ, ಅವಳಿಗೆ ನಕಲಿ. ಕ್ಯೂಗೂ ಲಟ್ಟಣಿಗೆಗೂ ವ್ಯತ್ಯಾಸ ತಿಳಿಯದ ಅಬೀದಾ ಅದನ್ನು ಗಂಡನ ಫೋಟೋದ ಕೆಳಗೆ ನೇತುಹಾಕಿ ದಿನಾ ಧೂಳು ಒರೆಸುತ್ತಾಳೆ. ಅದಕ್ಕೆ ಅಸಲಿಯೇ ಬೇಕೆಂದೇನಿದೆ?

ಕೊಳ್ಳುವವನೂ ಮೊದಲೇ ಸಿದ್ಧನಿದ್ದ. ಧಾರವಾಡದ ಮಾಳಮಡ್ಡಿಯ ದಂತವೈದ್ಯ ಸಂಕೇತ. ಸಂಗೀತದ ಮನೆತನ, ಮೂರು ತಲೆಮಾರಿನ ತಂಬೂರಿ, ಅದರ ಪಕ್ಕದಲ್ಲೇ ಕ್ಯೂಗಳನ್ನು ಇಡುವ ಗಾಜಿನ ಕಪಾಟು. ಅವರಿವರಿಂದ ಕೊಂಡ ಗೌಸಸಾಬನ ಹಳೆಯ ಕ್ಯೂಗಳು ಅದರಲ್ಲಿದ್ದವು. ಆದರೆ ತನಗೆಂದೇ ಮಾಡಿಸಿಕೊಂಡದ್ದು ಒಂದೂ ಇರಲಿಲ್ಲ. "ಎಷ್ಟ ಸಲ ಕೇಳಿದೆರೀ ಅವರಿಗೆ. ಆತು ಅನ್ನಲಿಲ್ಲ, ಆಗೂದಿಲ್ಲನೂ ಅನ್ನಲಿಲ್ಲ," ಎಂದು ಅವನೇ ಹಿಂದೊಮ್ಮೆ ಹಲುಬಿದ್ದ. ಸಂಕೇತನ ಆಟವನ್ನು ನೋಡಿದ್ದ ಜುಲ್ಫಿಕಾರನಿಗೆ ಆ ದುಃಖವೂ ತಮಾಷೆಯಾಗಿಯೇ ಕಂಡಿತ್ತು. ಹಲ್ಲು ಕೀಳುವ ಕೈಗೆ ಚೆಂಡು ಯಾವತ್ತೂ ನೆಟ್ಟಗೆ ಓಡಿರಲಿಲ್ಲ.

ಕೆಲಸ ಅಚ್ಚುಕಟ್ಟಾಗಿ ಸಾಗಿತು. ಬೀಟೆ, ಎಬೊನಿ, ಆ್ಯಶ್ ಮೂರನ್ನೂ ಅವನು ಬೇರೆ ಬೇರೆ ಊರಿನ ಬೇರೆ ಬೇರೆ ವ್ಯಾಪಾರಿಗಳಿಂದ ತರಿಸಿದ. ಹೊಸ ಮರದ ಬಿಳುಪನ್ನು ಚಹಾದ ನೀರಿನಿಂದ ಮಂಕು ಮಾಡಿದ. ಎರಡಕ್ಕೂ ಒಂದೇ ಅಗಸೆ ಎಣ್ಣೆ ತಿಕ್ಕಿದ, ಒಂದೇ ತಗಡಿನ ಹಿತ್ತಾಳೆ ಬಳೆ ತೊಡಿಸಿದ, ಒಂದೇ ಕಬ್ಬಿಣ ಕಾಯಿಸಿ ಮುದ್ರೆ ಒತ್ತಿದ. ಉಳಿದ ಚೂರುಗಳನ್ನು ಒಲೆಗೆ ಹಾಕಿದ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ತನ್ನ ನಕಲಿನ ಮೊನೆಗಳೇ ಹೆಚ್ಚು ನೇರವಾಗಿ ಕಂಡವು. ಸಂತಾಪ ಸಭೆಯ ಮಂದಿಯನ್ನೆಲ್ಲ ಕರೆದು ಇದನ್ನು ತೋರಿಸಬೇಕಿತ್ತು ಎಂದುಕೊಂಡ. ತೋರಿಸುವಂತಿಲ್ಲವಲ್ಲ ಎಂಬುದೊಂದೇ ಕೊರಗು.

ಜಾಗರೂಕತೆಗೆಂದು ಕೆಲಸದ ನಡುವೆಯೇ ಅವನು ಒಂದು ಪರೀಕ್ಷೆಯನ್ನೂ ಮಾಡಿದ್ದ. ನಕಲಿಯನ್ನು ಪೂರ್ತಿ ಮುಗಿಸುವ ಮೊದಲೇ ಗೋಪನಕೊಪ್ಪಕ್ಕೆ ಒಯ್ದಿದ್ದ.

"ಚಾಚಿ, ಹಿಡಿಕಿ ಹೆಂಗಾಗೇತಿ ನೋಡ್ರಿ. ನಿಮ್ಮ ಮನಸ್ಸಿಗೆ ಬಂದ್ರ ಮುಂದ ಹೋಗತೇನಿ."

ಪರದೆಯ ಅಂಚಿನಿಂದ ಒಂದು ಕೈ ಹೊರಬಂತು. ಬಳೆಗಳಿಲ್ಲದ, ನರ ಎದ್ದ ಕೈ. ಅದು ಮರವನ್ನು ಬುಡದಿಂದ ತುದಿಯವರೆಗೆ ನಿಧಾನವಾಗಿ ಸವರಿತು.

"ಅವರ ಕೈನ ಮುಟ್ಟಿದಂಗ ಆಗತೈತಿ," ಎಂದಳು ಅಬೀದಾ, ಬಿಕ್ಕುತ್ತ.

ಜುಲ್ಫಿಕಾರ ತಲೆ ತಗ್ಗಿಸಿ ಕೂತ. ನಗು ಬಂದದ್ದು ಸುಲ್ತಾನಾಗೆ ಕಾಣಬಾರದಲ್ಲ. ಬೆಳಗಾವಿಯಿಂದ ಲಾರಿಯಲ್ಲಿ ಬಂದ ಮರ ಅದು. ಉಸ್ತಾದನ ಬೆರಳು ಅದಕ್ಕೆ ಸೋಕಿರಲಿಲ್ಲ.

ಅಸಲಿಯನ್ನು ಅವನೇ ಮಾಳಮಡ್ಡಿಗೆ ಒಯ್ದ. ಸಂಕೇತ ಕೈ ತೊಳೆದುಕೊಂಡು ಬಂದು, ಬಿಳಿ ಟವೆಲ್ಲಿನ ಮೇಲೆ ಅದನ್ನು ಮಲಗಿಸಿ, ತನ್ನ ಹಳೆಯ ಕ್ಯೂಗಳೊಂದಿಗೆ ಹೋಲಿಸಿ, ಭೂತಗನ್ನಡಿ ಹಿಡಿದು ಸಂದುಗಳನ್ನು ನೋಡಿದ. ಆಮೇಲೆ ಉಗುರಿನಿಂದ ತಟ್ಟಿ, ಕಿವಿ ಹತ್ತಿರ ಹಿಡಿದು ಕಣ್ಣು ಮುಚ್ಚಿದ.

"ಶ್ರುತಿ ಅದ ನೋಡ್ರಿ ಇದರೊಳಗ," ಎಂದ.

"ಹೌದ್ರಿ," ಎಂದ ಜುಲ್ಫಿಕಾರ. ಕಟ್ಟಿಗೆ ತಟ್ಟಿದರೆ ಸದ್ದು ಬರುತ್ತದೆ ಎಂದು ಹೇಳಲು ಹೋಗಲಿಲ್ಲ.

"ನಿಮಗ ಹೆಂಗ ಸಿಕ್ಕಿತು?"

"ತೀರಿಕೊಳ್ಳೂಕಿಂತ ಮೊದಲ ಉಸ್ತಾದರು ನನ್ನ ಕೈಯಾಗಿಟ್ಟು, ಇದು ನಿಂದು ಅಂದರ್ರಿ. ಮನಿಯವರಿಗೆ ಗೊತ್ತಾದ್ರ ಸುಮ್ನ ಮನಸ್ತಾಪ. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ."

"ಛೇ ಛೇ, ನಾ ಯಾಕ ಹೇಳಲಿ?" ಎಂದ ಸಂಕೇತ. ಗುಟ್ಟೂ ಜೊತೆಗೆ ಸಿಕ್ಕಿದ್ದರಿಂದ ಅವನ ಸಂತೋಷ ಇಮ್ಮಡಿಯಾದಂತಿತ್ತು. ಚೌಕಾಶಿಯನ್ನೂ ಮಾಡಲಿಲ್ಲ.

ಜುಲ್ಫಿಕಾರ ಎಲ್ಲವನ್ನೂ ತೂಗಿ ನೋಡಿದ್ದ. ಮಾಳಮಡ್ಡಿಯವರು ಗೋಪನಕೊಪ್ಪಕ್ಕೆ ಬರುವುದಿಲ್ಲ. ಗೋಪನಕೊಪ್ಪದ ಹೆಂಗಸು ಹಲ್ಲು ಬಿದ್ದರೂ ಧಾರವಾಡದ ವೈದ್ಯನಲ್ಲಿಗೆ ಹೋಗುವುದಿಲ್ಲ. ಒಬ್ಬನ ಹೆಮ್ಮೆ ಗಾಜಿನ ಕಪಾಟಿನಲ್ಲಿ, ಒಬ್ಬಳ ದುಃಖ ಗೋಡೆಯ ಮೊಳೆಯಲ್ಲಿ. ಎರಡೂ ಒಂದನ್ನೊಂದು ಕಾಣುವ ಸಂಭವವೇ ಇರಲಿಲ್ಲ. ಕೆಲವು ದಿನ ಬಿಟ್ಟು ಅವನು ನಕಲಿಗೆ ಮಖಮಲ್ಲಿನ ಒಳಪದರದ ಉದ್ದ ಪೆಟ್ಟಿಗೆಯೊಂದನ್ನು ತನ್ನ ಖರ್ಚಿನಲ್ಲೇ ಮಾಡಿಸಿ, ಅಬೀದಾಗೆ ಒಪ್ಪಿಸಿದ. ಆ ಔದಾರ್ಯ ಅವನಿಗೇ ಇಷ್ಟವಾಯಿತು.

ಇದ್ದತ್ತು ಮುಗಿದ ಮೇಲೆ ಅಬೀದಾಳ ಫೋನ್ ಬಂತು. "ಜುಲ್ಫಿ, ನಾಳೆ ಮುಂಜಾನೆ ನನ್ನ ಜೋಡಿ ಒಂದೀಟು ಧಾರವಾಡಕ್ಕ ಬರತಿಯೇನಪಾ? ಮನಿ ಬಿಟ್ಟು ಮೊದಲನೇ ಸಲ ಹೊಂಟೇನಿ, ಒಬ್ಬಾಕಿಗೆ ದಿಕ್ಕು ತಿಳಿಯಾಂಗಿಲ್ಲ."

ಬೀಗರ ಮನೆಯೋ ದರ್ಗಾವೋ ಇರಬೇಕು ಎಂದುಕೊಂಡು ಅವನು ಹೊರಟ. ಧಾರವಾಡಕ್ಕೆ ಓಡುವ ಚಿಗರಿ ಬಸ್ಸಿನಲ್ಲಿ ಅವಳ ಟಿಕೇಟನ್ನೂ ತೆಗೆದ. ಬುರ್ಖಾದೊಳಗೆ ಮುದುಡಿ ಕೂತಿದ್ದ ಅಬೀದಾ ಆ ಉದ್ದ ಪೆಟ್ಟಿಗೆಯನ್ನು ಎದೆಗಾನಿಸಿಕೊಂಡಿದ್ದಳು. ದರ್ಗಾದಲ್ಲಿ ಗಂಡನ ಹೆಸರಲ್ಲಿ ಪ್ರಾರ್ಥನೆ ಓದಿಸಲು ಒಯ್ಯುತ್ತಿದ್ದಾಳೆ, ಪಾಪ, ಎಂದು ಅವನು ಕಿಟಕಿಯ ಹೊರಗೆ ನೋಡುತ್ತ ಕೂತ. ಇಳಿದ ಮೇಲೆ ಅವಳು ಆಟೋದವನಿಗೆ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದಳು. ಆಟೋ ಮಾಳಮಡ್ಡಿಯ ಕಡೆ ಹೊರಳಿತು. ಹೊರಳಿ, ಮತ್ತೆ ಹೊರಳಿ, ಅವನಿಗೆ ಚೆನ್ನಾಗಿ ಗೊತ್ತಿದ್ದ ಹಸಿರು ಗೇಟಿನ ಮುಂದೆ ನಿಂತಿತು.

"ಚಾಚಿ, ಇಲ್ಲಿ ಯಾರದಾರ?" ಎಂದ ಜುಲ್ಫಿಕಾರ. "ಇದಲ್ಲ ಅನ್ನಸ್ತೈತಿ. ಹೊಳ್ಳಿ ಹೋಗೂಣು ಬರ್ರಿ."

ಅವಳು ಆಗಲೇ ಬೆಲ್ ಒತ್ತಿದ್ದಳು.

ಬಾಗಿಲು ತೆರೆದ ಸಂಕೇತ ಬುರ್ಖಾದ ಹೆಂಗಸನ್ನು ನೋಡಿದ, ಅವಳ ಹಿಂದೆ ಮೆಟ್ಟಿಲಿಳಿಯಲು ಹವಣಿಸುತ್ತಿದ್ದ ಜುಲ್ಫಿಕಾರನನ್ನು ನೋಡಿದ. ಅಬೀದಾ ಪೆಟ್ಟಿಗೆಯನ್ನು ಎರಡೂ ಕೈಗಳಿಂದ ಮುಂದೆ ಹಿಡಿದು ಮುಚ್ಚಳ ತೆಗೆದಳು. "ನಾನು ಗೌಸಸಾಬರ ಮನಿಯಾಕಿರಿ. ಇದನ್ನ ಅವರು ನಿಮಗಂತನ ಮಾಡಾಕತ್ತಿದ್ದರ್ರಿ, ಡಾಕ್ಟರ ಸಾಹೇಬರಿಗೆ ಮುಟ್ಟಸು ಅಂತ ಹೇಳಿ ಕಣ್ಣ ಮುಚ್ಚಿದರು. ಅರ್ಧಕ್ಕ ನಿಂತಿತ್ತು, ನಮ್ಮ ಜುಲ್ಫಿ ಪೂರಾ ಮಾಡ್ಯಾನ. ತಗೋರಿ, ರೊಕ್ಕಾ ಏನೂ ಬ್ಯಾಡ." ಸಂಕೇತ ಮಖಮಲ್ಲಿನ ಮೇಲಿದ್ದ ನಾಲ್ಕು ಕರಿ ಮೊನೆಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಹಿಂತಿರುಗಿ ನಡುಮನೆಯ ಗಾಜಿನ ಕಪಾಟಿನತ್ತ ನೋಡಿದ. ಅಬೀದಾ ಮುಸುಕು ಮೇಲೆತ್ತಿ ಅವನ ಕಣ್ಣು ಹೋದ ಕಡೆಯೇ ನೋಡಿದಳು. ಮರ, ಎಣ್ಣೆ, ಮುದ್ರೆ, ಮನುಷ್ಯರ ಮೂರ್ಖತನ ಎಲ್ಲವನ್ನೂ ಅಳೆದಿದ್ದ ಜುಲ್ಫಿಕಾರ, ಮುದುಕ ಆ ಕ್ಯೂವನ್ನು ಯಾರಿಗಾಗಿ ಮಾಡುತ್ತಿದ್ದ ಎಂದು ಮಾತ್ರ ಒಮ್ಮೆಯೂ ಕೇಳಿರಲಿಲ್ಲ.